ಪಾತ್ರದ ಗುಟ್ಟು ಡಿಎಂಗೆ ಮಾತ್ರ ಗೊತ್ತಿರಬೇಕು ಅಂತಾನೆ ಪ್ಲೇಯರ್. ಹೇಗೆ ಕಾಪಾಡೋದು?

ಪರದೆ_ಹಿಂದಿನವ

ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲಿ ಸ್ನೇಹಿತರ ಜೊತೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ಆಡೋ ದಾಳದ ಆಟ) ನಡೆಸ್ತೀನಿ. ನಾನೇ ಡಿಎಂ, ಅಂದ್ರೆ ಕಥೆ ನಡೆಸೋನು. ಐದನೇ ಆವೃತ್ತಿ, 2014ರ ರೂಲ್ಸ್. ಸಾಮಾನ್ಯವಾಗಿ ಮನೆಯಲ್ಲಿ ಮೇಜಿನ ಸುತ್ತ ಆಡ್ತೀವಿ, ಯಾರಾದ್ರೂ ಊರಿಗೆ ಹೋಗಿದ್ರೆ ಮಾತಿಗೆ ಡಿಸ್ಕಾರ್ಡ್, ಆನ್‌ಲೈನ್ ಮೇಜಾಗಿ ರೋಲ್20. ಹೊಸ ಕ್ಯಾಂಪೇನ್ (ತುಂಬಾ ದಿನ ನಡೆಯೋ ಕಥೆ) ಐದನೇ ಲೆವೆಲ್‌ನಿಂದ ಶುರು ಆಗ್ತಿದೆ.

ಒಬ್ಬ ಪ್ಲೇಯರ್ ನನಗೆ ಪ್ರತ್ಯೇಕವಾಗಿ ಫೋನ್ ಮಾಡಿ ತನ್ನ ಪಾತ್ರದ ಕಥೆ ಹೇಳಿದ. ಎಲ್ಲರ ಕಣ್ಣಿಗೆ ಅವನು ಕ್ಲೆರಿಕ್, ಅಂದ್ರೆ ದೇವರಿಂದ ಶಕ್ತಿ ಪಡೆದ ಪೂಜಾರಿ. ನಿಜದಲ್ಲಿ ದೇವಸ್ಥಾನದಿಂದ ಹೊರಗೆ ಹಾಕಿಸಿಕೊಂಡವನು. ದಾರಿಯಲ್ಲಿ ಸಿಕ್ಕ ಯಾವುದೋ ಬೆಳಕಿನ ಜೊತೆ ಒಪ್ಪಂದ ಮಾಡಿಕೊಂಡು ಶಕ್ತಿ ಪಡೆದಿದ್ದಾನೆ. ಅಂದ್ರೆ ಸೆಲೆಸ್ಟಿಯಲ್ ವಾರ್ಲಾಕ್. ಅದೇ ದೇವಸ್ಥಾನದ ಪ್ಯಾಲಡಿನ್ (ಧರ್ಮಯೋಧೆ) ಕೂಡ ಗುಂಪಲ್ಲಿದ್ದಾಳೆ. ಆ ಪ್ಯಾಲಡಿನ್ ಆಡೋದು ಅವನ ಹೆಂಡ್ತಿ. "ಅವಳಿಗಂತೂ ಗೊತ್ತಾಗಲೇಬಾರದು" ಅಂತ ಅವನ ಷರತ್ತು.

ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿದ್ರೆ ಫೋನ್ ಗುಂಯ್ ಅಂದ ಕೂಡಲೇ ಮೇಜಿನ ಎಲ್ಲ ಕಣ್ಣೂ ಅವನ ಕಡೆ ತಿರುಗುತ್ತೆ. ಬಾಲ್ಕನಿಗೆ ಕರೆದುಕೊಂಡು ಹೋಗಿ ಮಾತಾಡಿದ್ರೆ ಉಳಿದವರು ಚಿಪ್ಸ್ ತಿಂತಾ ಕೂತಿರ್ತಾರೆ. ನೀವೆಲ್ಲ ಹೇಗೆ ಮಾಡ್ತೀರಿ? ಜೊತೆಗೆ, ಇದು ಪ್ಯಾಲಡಿನ್ ಆಡೋಳಿಗೆ ನ್ಯಾಯವಾ ಅನ್ನೋ ಪ್ರಶ್ನೆಯೂ ಇದೆ.

ನ್ಯಾಚುರಲ್_ಒಂದು

ಗುರು, ಮೊದಲು ಇದನ್ನ ಹೇಳು. ಆ ಹೆಂಡ್ತಿ ಈ ಪೋಸ್ಟ್ ಓದಲ್ವಾ?

ಪರದೆ_ಹಿಂದಿನವ

ಹಹ. ದೇವಸ್ಥಾನ, ದೇವರು, ಯಾರು ಗಂಡ ಯಾರು ಹೆಂಡ್ತಿ, ಎಲ್ಲ ಒಂಚೂರು ಆಚೀಚೆ ಮಾಡೇ ಬರೆದಿರೋದು. ಓದಿದ್ರೂ ತಮ್ಮದೇ ಅಂತ ಗೊತ್ತಾಗಲ್ಲ.

ನ್ಯಾಚುರಲ್_ಒಂದು

ಸರಿ ಹಾಗಾದ್ರೆ. ನಮ್ಮ ಪದ್ಧತಿ ಚೀಟಿ. ಆದರೆ ಒಬ್ಬನಿಗೆ ಮಾತ್ರ ಚೀಟಿ ಕೊಡೋದಲ್ಲ, ಯಾವಾಗಲೂ ಎಲ್ಲರಿಗೂ. ಹೆಚ್ಚಿನವು ಸುಮ್ಮನೆ. "ನಿನಗೆ ಹೊಗೆ ವಾಸನೆ ಬರ್ತಿದೆ", "ಹೋಟೆಲ್‌ನವನ ಎಡಗೈಯಲ್ಲಿ ಒಂದು ಬೆರಳಿಲ್ಲ", ಇಂಥವು. ಓದಿದ ಮೇಲೆ ಪ್ರತಿಯೊಬ್ಬರೂ ಏನಾದ್ರೂ ಬರೆದು ವಾಪಸ್ ಕೊಡಲೇಬೇಕು. ಈ ಎರಡನೇ ಭಾಗ ಜನ ಮರೀತಾರೆ. ಎಲ್ಲರೂ ಓದಿ ಮಡಚಿಟ್ಟು ಒಬ್ಬನೇ ಪೆನ್ ಹುಡುಕ್ತಾ ಇದ್ರೆ ಮುಗೀತು ಕಥೆ.

ಕಳ್ಳಿಯಲ್ಲ_ರೋಗ್

ಚೀಟಿ, ವಾಟ್ಸಾಪ್ ಎಲ್ಲ ಆಮೇಲೆ. ನಿಮ್ಮ ಗುಟ್ಟು ಸೋರೋದು ದಾಳದಿಂದ ಮತ್ತು ಪಾತ್ರದ ವಿವರ ಇರೋ ಶೀಟ್‌ನಿಂದ. ಸುಳ್ಳು ಕ್ಲೆರಿಕ್ ಅನ್ನೋ ಐಡಿಯಾ ಕೇಳೋಕೆ ಚೆನ್ನಾಗಿದೆ. ಆದರೆ ರೂಲ್ಸ್ ಬಲ್ಲ ಒಬ್ಬರು ಮೇಜಲ್ಲಿದ್ರೆ ಮೊದಲ ಯುದ್ಧದಲ್ಲೇ ಸಿಕ್ಕಿಬೀಳ್ತಾನೆ. ಎಲ್ಲೆಲ್ಲಿ ಅಂತ ಹೇಳ್ತೀನಿ.

ಐದನೇ ಲೆವೆಲ್ ಕ್ಲೆರಿಕ್‌ಗೆ ಒಂದನೇ ಹಂತದ ನಾಲ್ಕು, ಎರಡನೇ ಹಂತದ ಮೂರು, ಮೂರನೇ ಹಂತದ ಎರಡು ಸ್ಪೆಲ್ ಸ್ಲಾಟ್, ಅಂದ್ರೆ ಮಂತ್ರ ಹಾಕೋ ಅವಕಾಶ. ಒಟ್ಟು ಒಂಬತ್ತು. ವಾರ್ಲಾಕ್‌ಗೆ ಇರೋದೇ ಎರಡು, ಎರಡೂ ಮೂರನೇ ಹಂತದ್ದು. ಹಾಗಾಗಿ ನಿಮ್ಮವನು ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಹಾಕಿದಾಗೆಲ್ಲ ಮೂರು ಡಿ8 (ಎಂಟು ಮುಖದ ದಾಳ) ಉರುಳಿಸ್ತಾನೆ, ಚಿಕ್ಕ ಗೀರು ಗಾಯಕ್ಕೂ. ನಿಜವಾದ ಕ್ಲೆರಿಕ್ ಅಂಥದ್ದಕ್ಕೆ ಒಂದು ಡಿ8 ಸಾಕು ಅಂತಾನೆ. ಇವನು ಎರಡು ಸಲ ಹಾಕಿದ ಮೇಲೆ "ನನಗೆ ಸುಸ್ತಾಗಿದೆ, ಸ್ವಲ್ಪ ಕೂರೋಣ" ಅಂತಾನೆ. ಯಾಕಂದ್ರೆ ವಾರ್ಲಾಕ್ ಸ್ಲಾಟ್ ಸಣ್ಣ ವಿಶ್ರಾಂತಿಗೆ, ಅಂದ್ರೆ ಶಾರ್ಟ್ ರೆಸ್ಟ್‌ಗೇ ವಾಪಸ್ ಬರುತ್ತೆ. ಸದಾ ಶಾರ್ಟ್ ರೆಸ್ಟ್ ಕೇಳೋ ಕ್ಲೆರಿಕ್‌ನ ನಾನು ನೋಡಿದ್ರೆ ಪಕ್ಕದವರನ್ನ ಮೊಣಕೈಯಲ್ಲಿ ತಿವೀತೀನಿ.

ಇನ್ನೊಂದು, ಹೀಲಿಂಗ್ ಲೈಟ್, ಈ ವಾರ್ಲಾಕ್ ಗಾಯ ವಾಸಿ ಮಾಡೋ ಶಕ್ತಿ. ಬೋನಸ್ ಆಕ್ಷನ್ (ಸರದಿಯಲ್ಲಿ ಹೆಚ್ಚುವರಿ ಸಿಗೋ ಚಿಕ್ಕ ಕ್ರಿಯೆ), 60 ಅಡಿ ದೂರ. ಹೊರಗಿನಿಂದ ಕ್ಲೆರಿಕ್‌ನ ಹೀಲಿಂಗ್ ವರ್ಡ್ ಥರಾನೇ ಕಾಣುತ್ತೆ, ಇದು ಅವನ ಅದೃಷ್ಟ. ಆದರೆ ಹೀಲಿಂಗ್ ವರ್ಡ್‌ಗೆ ಡಿ4, ಇದಕ್ಕೆ ಡಿ6. ಕೈಯಲ್ಲಿ ಘನಾಕಾರದ ದಾಳ ಕಂಡ್ರೆ ಕೇಳೋರು ಕೇಳ್ತಾರೆ.

ಟರ್ನ್ ಅನ್‌ಡೆಡ್ ಅನ್ನೋ, ಎದ್ದ ಹೆಣಗಳನ್ನ ಓಡಿಸೋ ಕ್ಲೆರಿಕ್ ಶಕ್ತಿ ಅಂತೂ ಅವನಿಗೆ ಇಲ್ಲವೇ ಇಲ್ಲ. ಮೊದಲ ಸಲ ಸ್ಮಶಾನದಲ್ಲಿ ಹೆಣಗಳು ಎದ್ದು ಬಂದಾಗ ಎಲ್ಲರೂ ಕ್ಲೆರಿಕ್ ಮುಖ ನೋಡ್ತಾರೆ. ಆಗ ಏನು ಹೇಳ್ಬೇಕು ಅಂತ ಈಗಲೇ ಯೋಚಿಸಿರಬೇಕು.

ಪರದೆ_ಹಿಂದಿನವ

ಇಷ್ಟೊಂದು ತೂತು ಇದೆ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಹಾಗಾದ್ರೆ ಐಡಿಯಾ ಬಿಟ್ಟುಬಿಡು ಅಂತೀರಾ?

ಕಳ್ಳಿಯಲ್ಲ_ರೋಗ್

ಅಯ್ಯೋ ಬೇಡ, ತೂತಿರೋದೇ ಚೆಂದ. ಹೊರಗೆ ಕಾಣೋದಕ್ಕೆಲ್ಲ ಒಂದೊಂದು ನೆಪ ಇದ್ದರೆ ಸಾಕು. ಶಾರ್ಟ್ ರೆಸ್ಟ್ ಯಾಕೆ ಬೇಕು? 2014ರ ರೂಲ್ಸ್‌ನಲ್ಲಿ ಕ್ಲೆರಿಕ್‌ನ ಚಾನೆಲ್ ಡಿವಿನಿಟಿ ಅನ್ನೋ ದೈವಶಕ್ತಿ ಕೂಡ ಶಾರ್ಟ್ ರೆಸ್ಟ್‌ಗೆ ಮರಳುತ್ತೆ, "ಅದಕ್ಕೇ" ಅನ್ನಲಿ. ಗುರಾಣಿ ಯಾಕಿಲ್ಲ? ವ್ರತ. ಸೇಕ್ರೆಡ್ ಫ್ಲೇಮ್ ಅನ್ನೋ ಕ್ಲೆರಿಕ್ ಮಂತ್ರ ಸೆಲೆಸ್ಟಿಯಲ್ ವಾರ್ಲಾಕ್‌ಗೆ ಮೊದಲಿಂದಲೇ ಪುಕ್ಕಟೆ ಸಿಗುತ್ತೆ, ಅದನ್ನೇ ಬಳಸಲಿ. ವಾರ್ಲಾಕ್ ಗುರುತೇ ಆದ ಎಲ್ಡ್ರಿಚ್ ಬ್ಲಾಸ್ಟ್ ಮಂತ್ರ ಮಾತ್ರ ಜೀವ ಹೋದ್ರೂ ಹಾಕಬಾರದು. ಹಾಕಿದ ದಿನ ಗುಟ್ಟು ಹೊರಗೆ. ನಿಜ ಹೇಳ್ಬೇಕಂದ್ರೆ ನಾನಾಗಿದ್ರೆ ಆ ದಿನಕ್ಕೋಸ್ಕರಾನೇ ಕಾಯ್ತಿದ್ದೆ. ಪ್ಯಾಲಡಿನ್ ಸಾಯ್ತಿದ್ದಾಳೆ, ಉಳಿದಿರೋದು ಅದೊಂದೇ ದಾರಿ. ಆಗ ಹಾಕಲಿ.

ಶೀಟ್ ವಿಷಯ. ಡಿ ಅಂಡ್ ಡಿ ಬಿಯಾಂಡ್ ವೆಬ್‌ಸೈಟ್ ಬಳಸ್ತಿದ್ರೆ ಕ್ಯಾಂಪೇನ್ ಪುಟದಲ್ಲಿ ಪಾತ್ರದ ಹೆಸರಿನ ಜೊತೆ ಕ್ಲಾಸ್ ಕೂಡ ಬರುತ್ತೆ. ಗಂಡ ಹೆಂಡ್ತಿ ಒಂದೇ ಲ್ಯಾಪ್‌ಟಾಪ್ ಬಳಸ್ತಾರೆ ಅಂದ್ರೆ ಕೇಳೋದೇ ಬೇಡ, ಟ್ಯಾಬ್ ತೆರೆದಿರುತ್ತೆ. ಅವನಿಗೆ ಕಾಗದದ ಶೀಟ್ ಕೊಡಿ. ತಲೆಬರಹದಲ್ಲಿ "ಕ್ಲೆರಿಕ್" ಅಂತ ಬರೆದ ಒಂದು ಪುಟ, ಅಸಲಿ ಪುಟ ನಿಮ್ಮ ಹತ್ತಿರ.

ಹಳೇ_ದಾಳ

ಗುಟ್ಟು ಈ ಆಟಕ್ಕೆ ಹೊಸದಾಗಿ ಬಂದು ಸೇರಿದ್ದಲ್ಲ. ಡಿ ಅಂಡ್ ಡಿ ಅಚ್ಚಾಗಿದ್ದು 1974ರಲ್ಲಿ. ಅದಕ್ಕೂ ಮೊದಲು, 1969ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸೆಲಿ ಎಂಬವರು ಬ್ರೌನ್‌ಸ್ಟೈನ್ ಎಂಬ ಆಟ ನಡೆಸಿದರು. ನೆಪೋಲಿಯನ್ ಕಾಲದ ಒಂದು ಜರ್ಮನ್ ಪಟ್ಟಣ. ಸೈನ್ಯ ನಡೆಸುವುದರ ಬದಲು ಒಬ್ಬೊಬ್ಬ ಆಟಗಾರನಿಗೂ ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರ, ಅವನದೇ ಆದ ಗುರಿ. ಜನ ಎದ್ದು ಹೋಗಿ ಮೂಲೆಯಲ್ಲಿ ಒಳಒಪ್ಪಂದ ಮಾಡಿಕೊಳ್ಳತೊಡಗಿದರು. ಆಟ ಕೈತಪ್ಪಿ ಹೋಯಿತು ಎಂದು ವೆಸೆಲಿಗೆ ಅನ್ನಿಸಿತ್ತು, ಆಡಿದವರಿಗೆ ಮಾತ್ರ ಅದೇ ಬೇಕಿತ್ತು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ ಡಿ ಅಂಡ್ ಡಿ ಮಾಡಿದರು.

ಆದರೆ ನನ್ನ ಮಾತು ಬೇರೆ. ಗುಟ್ಟನ್ನೇ ಎಂಜಿನ್ ಮಾಡಿಕೊಂಡ ಆಟ ಎಂದರೆ 1984ರ ಪ್ಯಾರನಾಯಾ. ಅಲ್ಲಿ ಪ್ರತಿಯೊಬ್ಬನೂ ಗುಪ್ತ ಸಂಘದ ಸದಸ್ಯ, ಪ್ರತಿಯೊಬ್ಬನೂ ಮ್ಯೂಟೆಂಟ್, ಎರಡೂ ಮರಣದಂಡನೆಯ ಅಪರಾಧ. ಎಲ್ಲರೂ ಎಲ್ಲರ ಮೇಲೆ ಅಲ್ಲಿ ಆಳುವ ಕಂಪ್ಯೂಟರ್‌ಗೆ ಚಾಡಿ ಹೇಳುತ್ತಾರೆ. ಯಾರಿಗೂ ಬೇಜಾರಾಗುವುದಿಲ್ಲ, ಏಕೆ? ಪ್ರತಿ ಪಾತ್ರಕ್ಕೂ ಆರು ತದ್ರೂಪಿಗಳು. ಒಬ್ಬ ಸತ್ತರೆ ಅವನಂಥವನೇ ಇನ್ನೊಬ್ಬ ಬಾಗಿಲು ತೆಗೆದುಕೊಂಡು ಬರುತ್ತಾನೆ. ಸಾವು ಅಗ್ಗ, ಹಾಗಾಗಿ ದ್ರೋಹವೂ ಅಗ್ಗ. 2019ರ ಏಲಿಯನ್ ಆಟದ ಸಿನಿಮ್ಯಾಟಿಕ್ ಬಗೆಯಲ್ಲಿಯೂ ಪ್ರತಿ ಅಂಕಕ್ಕೆ ಒಂದೊಂದು ಗುಪ್ತ ಅಜೆಂಡಾ ಕಾರ್ಡ್ ಬರುತ್ತದೆ. ಅದು ಕೆಲವೇ ಸೆಷನ್‌ನಲ್ಲಿ ಮುಗಿಯುವ ಕಥೆ, ಕೊನೆಯಲ್ಲಿ ಹೆಚ್ಚಿನವರು ಸಾಯುತ್ತಾರೆ ಎಂದು ಎಲ್ಲರಿಗೂ ಮೊದಲೇ ಗೊತ್ತು.

ನಿಮ್ಮದು ವರ್ಷಗಟ್ಟಲೆ ನಡೆಯುವ ಕ್ಯಾಂಪೇನ್. ಪಾತ್ರದ ಮೇಲೆ ಜನ ಜೀವ ಇಟ್ಟಿರುತ್ತಾರೆ. ಅಲ್ಲಿ ಬಯಲಾಗುವ ಗುಟ್ಟಿನ ಬೆಲೆಯೇ ಬೇರೆ. ಎಷ್ಟು ದಿನ ಮುಚ್ಚಿಡುತ್ತೀರಿ ಎಂಬುದನ್ನು ಆ ಪ್ಲೇಯರ್ ಜೊತೆ ಈಗಲೇ ಮಾತಾಡಿಕೊಳ್ಳಿ. ಎಂಟನೇ ಲೆವೆಲ್ ದಾಟಬಾರದು ಎಂದು ನನ್ನ ಅಂದಾಜು. ಅದಕ್ಕಿಂತ ತಡವಾದರೆ ಉಳಿದವರಿಗೆ ಅಚ್ಚರಿಗಿಂತ ಹೆಚ್ಚು "ಇಷ್ಟು ದಿನ ನಾವು ಪೆದ್ದರಾಗಿದ್ದೆವು" ಅನ್ನಿಸುತ್ತದೆ.

ಕಡಲಬದಿ

ನನಗೆ ಒಂದು ಅರ್ಥ ಆಗ್ಲಿಲ್ಲ ಮಾರಾಯ್ರೆ. ಪ್ಲೇಯರ್‌ಗಳಿಂದ ಮುಚ್ಚಿಡುದು ಎಂತಕ್ಕೆ? ಪಾತ್ರಗಳಿಂದ ಮುಚ್ಚಿಟ್ಟರೆ ಸಾಲದಾ?

ನಾನು ಸಣ್ಣದಿರುವಾಗಿಂದ ತಾಳಮದ್ದಳೆ ಕೇಳಿದವ. ಕರ್ಣಭೇದನದಲ್ಲಿ ಕರ್ಣ ಯಾರ ಮಗ ಅಂತ ಗೊತ್ತಿಲ್ಲದವ ಸಭೆಯಲ್ಲಿ ಒಬ್ಬನಾದ್ರೂ ಉಂಟಾ? ಅರ್ಥ ಹೇಳುವವರಿಗೆ ಗೊತ್ತುಂಟು, ಭಾಗವತರಿಗೆ ಗೊತ್ತುಂಟು, ಚಾ ತರುವವನಿಗೂ ಗೊತ್ತುಂಟು. ಗೊತ್ತಿಲ್ಲದ್ದು ಕರ್ಣನಿಗೆ ಮಾತ್ರ. ಕೃಷ್ಣ ಅದನ್ನು ಹೇಳುವಾಗ ಜನ ಉಸಿರು ಹಿಡಿದು ಕೂತುಕೊಳ್ತಾರೆ. ಗುಟ್ಟು ಏನು ಅಂತ ತಿಳೀಲಿಕ್ಕೆ ಅಲ್ಲ, ಇವ ಅದನ್ನು ಹೇಗೆ ತಗೊಳ್ತಾನೆ ಅಂತ ನೋಡ್ಲಿಕ್ಕೆ.

ಹೆಂಡ್ತಿಗೆ ಹೇಳಿಬಿಡಿ. ಆಗ ಅವಳೇ ಬೇಕೂಂತ ತನ್ನ ಪ್ಯಾಲಡಿನ್ ಬಾಯಲ್ಲಿ "ನಮ್ಮ ಮಠದಲ್ಲಿ ನಿನ್ನ ಗುರು ಯಾರು?" ಅಂತ ಕೇಳಿಸ್ತಾಳೆ. ಗೊತ್ತಿಲ್ಲದಿದ್ರೆ ಆ ಪ್ರಶ್ನೆ ಅವಳಿಗೆ ಹೊಳೆಯುದೇ ಇಲ್ಲ. ಗುಟ್ಟಿನ ಮಜಾ ಡಿಎಂಗೂ ಅವನಿಗೂ ಮಾತ್ರ, ಉಳಿದವರಿಗೆ ಎಂತ ಸಿಕ್ಕಿತು?

ಚಳಿನಾಡಿನ_ಬಾರ್ಡ್

ಕಡಲಬದಿಯವರ ಮಾತಿಗೆ ನನ್ನ ವೋಟು. ಸ್ವೀಡನ್‌ನಲ್ಲಿದ್ದೀನಿ, ಇಲ್ಲಿನ ಲಾರ್ಪ್ ಬಳಗಗಳಲ್ಲಿ, ಅಂದರೆ ವೇಷ ಹಾಕಿ ಓಡಾಡಿ ಆಡೋ ರೋಲ್‌ಪ್ಲೇಯಲ್ಲಿ, ಇದು ಹಳೇ ಚರ್ಚೆ. ನಾರ್ಡಿಕ್ ದೇಶಗಳ ಲಾರ್ಪ್ ಮಾಡೋರು 1997ರಿಂದ ಕ್ನೂಟೆಪುಂಕ್ಟ್ ಅಂತ ಸಮ್ಮೇಳನ ನಡೆಸ್ತಿದ್ದಾರೆ, ಅಲ್ಲಿ ಪಾರದರ್ಶಕತೆ ಮತ್ತು ಗುಟ್ಟು ಎರಡಕ್ಕೂ ವಕೀಲರಿದ್ದಾರೆ. ಕೆಲವು ಆಟದಲ್ಲಿ ಎಲ್ಲರ ಪಾತ್ರದ ವಿವರ ಎಲ್ಲರಿಗೂ ಮೊದಲೇ ಓದೋಕೆ ಕೊಡ್ತಾರೆ. ಗೊತ್ತಿದ್ದು ಗೊತ್ತಿಲ್ಲದವರ ಹಾಗೆ ಆಡಿ, ಒಬ್ಬರ ಗುಟ್ಟು ಬಯಲಾಗೋ ದಾರಿಯನ್ನ ಇನ್ನೊಬ್ಬರೇ ಸಿದ್ಧ ಮಾಡ್ತಾರೆ. ಚೆನ್ನಾಗಿ ಕೂಡಿಬಂದ ದಿನ ಅದಕ್ಕಿಂತ ಒಳ್ಳೇ ದೃಶ್ಯ ಯಾವ ಡಿಎಂ ಕೈಯಲ್ಲೂ ಆಗಲ್ಲ.

ಧಾರವಾಡ_ಡ್ರೂಯಿಡ್

ಅಲ್ರೀ, ತಾಳಮದ್ದಳಿ ಕಥಿ ಮೊದಲ ಬರದಿಟ್ಟದ್ದು. ಕರ್ಣ ಕೌರವನ್ನ ಬಿಟ್ಟು ಹೋಗಂಗಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಇಲ್ಲಿ ದಾಳ ಅದ. ಪ್ಯಾಲಡಿನ್ ಅವನನ್ನ ಕ್ಷಮಿಸ್ತಾಳೋ, ಕಟ್ಟಿಹಾಕಿ ದೇವಸ್ಥಾನಕ್ಕ ಎಳಕೊಂಡ ಹೋಗ್ತಾಳೋ ಯಾರಿಗೂ ಗೊತ್ತಿಲ್ಲ. ಮೊದಲ ತಿಳಿದ್ರ ಆಕಿ ಮನಸ್ಸಿನ್ಯಾಗ ಒಂದು ಲೆಕ್ಕಾಚಾರ ಶುರು ಆಗಿಬಿಡ್ತದ. ಆ ಕ್ಷಣದಾಗ ಹುಟ್ಟೋ ಸಿಟ್ಟು ಹುಟ್ಟಂಗಿಲ್ಲ. ನನಗ ಆ ಸಿಟ್ಟು ಬೇಕು, ಅದಕ್ಕ ನಾ ಈ ಆಟಕ್ಕ ಬರ್ತೀನಿ.

ಆದರ ಒಂದು ಮಾತು. ನಮ್ಮ ಹಳೇ ಗುಂಪು ಗುಟ್ಟಿನಿಂದನ ಒಡೀತು. ಒಬ್ಬಾಂವ ಗುಂಪಿನ ರೊಕ್ಕ ಕದ್ದು ಶತ್ರುವಿಗೆ ಮುಟ್ಟಸ್ತಿದ್ದ. ಬಯಲಾದ ದಿನ ಅವನ ಮ್ಯಾಲ ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದು ಡಿಎಂ ಮ್ಯಾಲ. ಯಾಕಂದ್ರ ನಾವು "ಸಂದೂಕ ನೋಡ್ತೀನಿ" ಅಂದಾಗೆಲ್ಲ ಆತ "ಎಲ್ಲಾ ಸರಿ ಐತಿ" ಅಂತ ಹೇಳಿದ್ದ. ಗುಟ್ಟು ಉಳಸ್ಲಿಕ್ಕೆ ಡಿಎಂ ನಮಗ ಸುಳ್ಳು ಹೇಳಿದ. ಆಮ್ಯಾಲ ಅವನ ಯಾವ ಮಾತನ್ನ ನಂಬೂದ್ರೀ? ಬಾಗಲಾ ತೆರದೈತಿ ಅಂದ್ರೂ ಅನುಮಾನ.

ಹಳೇ_ದಾಳ

ಈ ಇಡೀ ಚರ್ಚೆಯಲ್ಲಿ ಮುಖ್ಯವಾದ ಮಾತು ಇದೇ ಅನ್ನಿಸುತ್ತದೆ. ಪ್ಲೇಯರ್ ತನ್ನ ಪಾತ್ರದ ಬಾಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಲಿ. ಡಿಎಂ ಪ್ರಪಂಚದ ಬಗ್ಗೆ ಸುಳ್ಳು ಹೇಳಬಾರದು. ಉಳಿದವರ ಕಣ್ಣು ಕಿವಿ ಅವರೇ. ಗುಟ್ಟನ್ನು ಕಾಪಾಡುವುದು ಪ್ಲೇಯರ್ ಕೆಲಸ, ಡಿಎಂ ಮಾಡಬೇಕಾದ್ದು ಬಾಯಿ ಬಿಡದಿರುವುದು ಅಷ್ಟೇ. ಯಾರಾದರೂ ಸರಿಯಾದ ಜಾಗದಲ್ಲಿ ಹುಡುಕಿದರೆ ಸಿಗಲೇಬೇಕು.

ಪರದೆ_ಹಿಂದಿನವ

ಇದು ತಲೆಗೆ ಹೋಯ್ತು. ಹಾಗಾದ್ರೆ ಪ್ಯಾಲಡಿನ್ "ಇವನು ಸುಳ್ಳು ಹೇಳ್ತಿದ್ದಾನಾ?" ಅಂತ ಕೇಳಿದ್ರೆ ಇನ್‌ಸೈಟ್ (ಮನಸ್ಸು ಓದೋ ಕೌಶಲ) ರೋಲ್ ಕೊಡ್ಬೇಕು. ಆದರೆ ರೋಲ್ ಮಾಡು ಅಂದ ಕೂಡಲೇ "ಓ ಏನೋ ಇದೆ" ಅಂತ ಗೊತ್ತಾಗುತ್ತಲ್ಲ?

ಕಳ್ಳಿಯಲ್ಲ_ರೋಗ್

ಕೇಳದೆ ಇದ್ದಾಗ ದಾಳ ಉರುಳಿಸದೆ ಲೆಕ್ಕ ಹಾಕೋ ಪ್ಯಾಸಿವ್ ಇನ್‌ಸೈಟ್ ಬಳಸಿ. ಹತ್ತು ಪ್ಲಸ್ ಅವಳ ಮಾಡಿಫೈಯರ್, ನಿಮ್ಮ ಪರದೆಯ ಒಳಗೆ ಎಲ್ಲರದ್ದೂ ಬರೆದಿಡಿ. ಅವನು ಸುಳ್ಳು ಹೇಳಿದಾಗ ಅವನ ಡಿಸೆಪ್ಶನ್ (ಸುಳ್ಳು ಹೇಳೋ ಕೌಶಲ) ಮಾತ್ರ ಉರುಳಬೇಕು. ಅದನ್ನೂ ಸೆಷನ್‌ಗೆ ಮೊದಲೇ ಹತ್ತಿಪ್ಪತ್ತು ರೋಲ್ ಮಾಡಿಸಿ ಪಟ್ಟಿ ಇಟ್ಟುಕೊಳ್ಳಿ, ಒಂದೊಂದೇ ಹೊಡೆದು ಹಾಕ್ತಾ ಹೋಗಿ. ಮೇಜಿನ ಮೇಲೆ ದಾಳದ ಸದ್ದೇ ಬರಲ್ಲ.

ಆನ್‌ಲೈನ್ ದಿನ ಸುಲಭ. ರೋಲ್20ಯಲ್ಲಿ ಜಿಎಂ‌ರೋಲ್ ಕಮಾಂಡ್ ಹಾಕಿದ್ರೆ ಉರುಳಿಸಿದವನಿಗೂ ನಿಮಗೂ ಮಾತ್ರ ಕಾಣುತ್ತೆ. ಫೌಂಡ್ರಿ ಅನ್ನೋ ಇನ್ನೊಂದು ಆನ್‌ಲೈನ್ ಮೇಜಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಬ್ಲೈಂಡ್ ರೋಲ್ ಅಂತ ಇದೆ. ಉರುಳಿಸಿದವರಿಗೂ ಫಲ ಕಾಣಲ್ಲ, ಡಿಎಂಗೆ ಮಾತ್ರ. ಇನ್‌ಸೈಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ಡಿಸ್ಕಾರ್ಡ್‌ನಲ್ಲಿ ಸ್ಕ್ರೀನ್ ಶೇರ್ ಮಾಡ್ತಾ ಇರುವಾಗ ಅವನಿಂದ ಮೆಸೇಜ್ ಬಂದ್ರೆ ಮೂಲೆಯಲ್ಲಿ ನೋಟಿಫಿಕೇಶನ್ ಹಾರುತ್ತೆ. ಅದನ್ನ ಮರೀದೆ ಆಫ್ ಮಾಡಿ.

ನ್ಯಾಚುರಲ್_ಒಂದು

ಸುಳಿವು ಎಷ್ಟು ಬಿಡ್ಬೇಕು ಅನ್ನೋದಕ್ಕೆ ಇಂಥ ಆಟಗಳ ಬಗ್ಗೆ ಬರೆಯೋ ಜಸ್ಟಿನ್ ಅಲೆಕ್ಸಾಂಡರ್ ಅವರ ಮೂರು ಸುಳಿವಿನ ನಿಯಮ ಇದೆ. ಪ್ಲೇಯರ್‌ಗಳು ಏನನ್ನ ತಿಳೀಬೇಕೋ ಅದಕ್ಕೆ ಕನಿಷ್ಠ ಮೂರು ಸುಳಿವು ಇಡು, ಒಂದನ್ನ ನೋಡಲ್ಲ, ಎರಡನೇದನ್ನ ತಪ್ಪಾಗಿ ಅರ್ಥ ಮಾಡ್ಕೋತಾರೆ, ಮೂರನೇದು ಹಿಡೀತಾರೆ. ನಿನ್ನ ಕೇಸಲ್ಲಿ ರೂಲ್ಸೇ ಅರ್ಧ ಡಜನ್ ಸುಳಿವು ಪುಕ್ಕಟೆ ಕೊಡ್ತಿದೆ, ನೀನು ಹೊಸದಾಗಿ ಏನೂ ಮಾಡ್ಬೇಕಾಗಿಲ್ಲ.

ಒಪ್ಪಿಗೆ ಬಗ್ಗೆ: ಗುಟ್ಟು ಏನು ಅಂತ ಹೇಳ್ಬೇಡ. ಗುಟ್ಟು ಇರುತ್ತೆ ಅಂತ ಎಲ್ರಿಗೂ ಹೇಳು. "ಈ ಕ್ಯಾಂಪೇನ್‌ನಲ್ಲಿ ಪಾತ್ರಗಳು ಒಬ್ಬರಿಂದೊಬ್ಬರು ಮುಚ್ಚಿಡಬಹುದು, ಆದರೆ ಒಬ್ಬರ ಕತ್ತು ಒಬ್ಬರು ಕೊಯ್ಯೋ ಹಾಗಿಲ್ಲ" ಅಂತ ಸೆಷನ್ ಝೀರೋದಲ್ಲಿ, ಅಂದ್ರೆ ಆಟ ಶುರುವಾಗೋ ಮೊದಲಿನ ಮಾತುಕತೆಯಲ್ಲಿ. ಬೇಡ ಅನ್ನೋರು ಆಗಲೇ ಬೇಡ ಅಂತಾರೆ.

ಪರದೆ_ಹಿಂದಿನವ

ಅಪ್‌ಡೇಟ್. ಸೆಷನ್ ಝೀರೋ ಆಯ್ತು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ, ಎರಡು ಪ್ರಶ್ನೆ. ನಿನಗೆ ಗೊತ್ತಿಲ್ಲದ ಗುಟ್ಟು ಬೇರೆಯವರ ಹತ್ತಿರ ಇದ್ರೆ ಪರವಾಗಿಲ್ವಾ? ನಿನ್ನ ಪಾತ್ರಕ್ಕೂ ಒಂದು ಬೇಕಾ? ಮೊದಲನೇದಕ್ಕೆ ಎಲ್ಲರೂ ಹೂಂ ಅಂದ್ರು. ಒಬ್ಬರು ಮಾತ್ರ "ಕದಿಯೋದು ಬೇಡ, ಉಳಿದದ್ದು ಓಕೆ" ಅಂತ ಬರೆದಿದ್ರು. ಧಾರವಾಡದವರ ಕಥೆ ಓದಿದ್ದಕ್ಕೆ ಅದನ್ನ ಹಾಗೇ ನಿಯಮ ಮಾಡಿಬಿಟ್ಟೆ.

ಎರಡನೇ ಪ್ರಶ್ನೆಗೆ ಪ್ಯಾಲಡಿನ್ ಆಡೋಳು ಉದ್ದ ಬರೆದಿದ್ದಾಳೆ. ಅವಳ ಪಾತ್ರ ಪ್ರಯಾಣಕ್ಕೆ ಜೊತೆ ಬಂದಿರೋದು ನೆಪಕ್ಕೆ. ದೇವಸ್ಥಾನದಿಂದ ಓಡಿಹೋದ ಒಬ್ಬನನ್ನ ಹುಡುಕಿ ತರೋಕೆ ಕಳಿಸಿದ್ದಾರಂತೆ. ಯಾರು ಅನ್ನೋದನ್ನ "ಡಿಎಂ ತೀರ್ಮಾನಿಸಲಿ" ಅಂತ ಬಿಟ್ಟಿದ್ದಾಳೆ. ಕೊನೆಗೆ ಅಡಿಗೆರೆ ಹಾಕಿ, "ನನ್ನ ಗಂಡನಿಗೆ ಗೊತ್ತಾಗಬಾರದು."

ನಾನು ಇಬ್ಬರಿಗೂ ಏನೂ ಹೇಳಿಲ್ಲ. ನಗು ತಡೆಯೋಕಾಗದೆ ಅಡುಗೆಮನೆಗೆ ನೀರು ಕುಡಿಯೋಕೆ ಹೋಗ್ಬಿಟ್ಟೆ.

ಕಡಲಬದಿ

ಇದು ಪ್ರಸಂಗವೇ ಆಯ್ತಲ್ಲ ಮಾರಾಯ್ರೆ! ಇನ್ನು ನಾನು ಹೇಳಿಬಿಡಿ ಅಂತ ಹೇಳುದಿಲ್ಲ. ಆದ್ರೆ ಉಳಿದ ಮೂರು ಜನ ಪ್ರೇಕ್ಷಕರಾಗಿಬಿಡದ ಹಾಗೆ ನೋಡ್ಕೊಳ್ಳಿ. ಗಂಡ ಹೆಂಡ್ತಿ ಕಥೆಯೇ ಇಡೀ ಕ್ಯಾಂಪೇನ್ ಆದ್ರೆ ಅವರಿಗೆ ಬೋರ್ ಹೊಡೀತದೆ.

ಧಾರವಾಡ_ಡ್ರೂಯಿಡ್

ಭಾರೀ ಆತು. ಆದರ ಈಗ ನಿಮ್ಮ ಕೆಲಸ ಕಠಿಣ ಆತು ನೋಡ್ರಿ. ಇಬ್ಬರ ಗುಟ್ಟೂ ನಿಮ್ಮ ಹತ್ರ. ಒಬ್ಬರ ಮಾಹಿತಿ ಇನ್ನೊಬ್ಬರ ಚೀಟಿಯೊಳಗ ಜಾರಬಾರದು. ಎರಡಕ್ಕೂ ಬ್ಯಾರೆ ಬ್ಯಾರೆ ವಹಿ ಇಡ್ರಿ.

ಪರದೆ_ಹಿಂದಿನವ

ಇಟ್ಟಿದ್ದೀನಿ. ಉಳಿದ ಮೂವರಿಗೂ ಸಣ್ಣ ಸಣ್ಣ ಗುಟ್ಟು ಕೊಟ್ಟಾಯ್ತು, ಕಡಲಬದಿಯವರು ಕೇಳೋ ಮೊದಲೇ. ಒಂದೇ ಸಂಶಯ ಉಳಿದಿದೆ. ಐದನೇ ಲೆವೆಲ್ ಪ್ಯಾಲಡಿನ್‌ಗೆ ಝೋನ್ ಆಫ್ ಟ್ರೂತ್ ಅನ್ನೋ, ಸುಳ್ಳು ಹೇಳೋಕೆ ಬಿಡದ ಮಂತ್ರ ಸಿಗುತ್ತೆ. ಅವಳು ಮೊದಲ ರಾತ್ರಿಯೇ ಎಲ್ಲರನ್ನೂ ಕೂರಿಸಿ ಅದನ್ನ ಹಾಕಿದ್ರೆ? ಡಿವೈನ್ ಸೆನ್ಸ್ ಬೇರೆ ಇದೆ.

ಕಳ್ಳಿಯಲ್ಲ_ರೋಗ್

ಡಿವೈನ್ ಸೆನ್ಸ್‌ಗೆ ಅವನು ಸಿಗಲ್ಲ. ಅದು 60 ಅಡಿಯೊಳಗಿನ ಸೆಲೆಸ್ಟಿಯಲ್ (ದೇವಲೋಕದ ಜೀವಿ), ಫೀಂಡ್ (ನರಕದ ಜೀವಿ), ಅನ್‌ಡೆಡ್‌ಗಳನ್ನ ತೋರಿಸುತ್ತೆ, ಒಪ್ಪಂದ ಮಾಡಿಕೊಂಡ ಮನುಷ್ಯನನ್ನಲ್ಲ. ಒಪ್ಪಂದ ಮಾಡಿಕೊಂಡ ಆ ಬೆಳಕೇ ಹತ್ತಿರ ಬಂದ್ರೆ ಮಾತ್ರ ಅವಳಿಗೆ ಗೊತ್ತಾಗುತ್ತೆ. ಒಳ್ಳೇ ದೃಶ್ಯ, ಇಟ್ಟುಕೊಳ್ಳಿ.

ಝೋನ್ ಆಫ್ ಟ್ರೂತ್ ಹಾಕಿದ್ರೆ ತಡೀಬೇಡಿ, ಹಳೇ_ದಾಳ ಹೇಳಿದ್ದು ನೆನಪಿರಲಿ. ಅದರಿಂದ ಪಾರಾಗೋಕೆ ಕರಿಸ್ಮಾ ಸೇವ್ ಅನ್ನೋ ರೋಲ್, ವಾರ್ಲಾಕ್‌ಗೆ ಅದರಲ್ಲಿ ಪ್ರೊಫಿಶಿಯೆನ್ಸಿ (ಪಳಗಿದವರಿಗೆ ಸಿಗೋ ಹೆಚ್ಚುವರಿ ಅಂಕ) ಇದೆ. ಆದರೆ ಅವನು ಪಾಸಾದ ಅನ್ನೋದೂ ಅವಳಿಗೆ ತಿಳಿಯುತ್ತೆ, ಅದೇ ಒಂದು ಅನುಮಾನ. ಫೇಲ್ ಆದರೂ ಬೇಕೂಂತ ಸುಳ್ಳು ಹೇಳೋಕಾಗಲ್ಲ ಅಷ್ಟೇ, ಜಾರಿಕೊಳ್ಳಬಹುದು. ಈಗಲೇ ಅವನಿಗೆ ಹೇಳಿ, ಸುಳ್ಳಲ್ಲದ ನಾಲ್ಕೈದು ಉತ್ತರ ಬರೆದು ಇಟ್ಟುಕೊಳ್ಳಲಿ. "ನನ್ನನ್ನ ಕಾಯೋ ಬೆಳಕು ಒಂದಿದೆ." "ಮಠದಲ್ಲಿ ಕಲಿತದ್ದನ್ನ ನಾನು ಮರೆತಿಲ್ಲ."

ನ್ಯಾಚುರಲ್_ಒಂದು

ಮತ್ತೆ, ಆ ಮಂತ್ರ ಹಾಕಿದವಳೂ ಅದೇ ವೃತ್ತದೊಳಗೆ ನಿಂತಿದ್ರೆ ಅವಳೂ ಸೇವ್ ಮಾಡ್ಬೇಕು ಗುರು. 15 ಅಡಿ ತ್ರಿಜ್ಯದೊಳಗೆ ಬಂದ ಯಾರೇ ಆಗಲಿ. ಅವನು ತಿರುಗಿ "ನೀನ್ಯಾಕೆ ನಮ್ಮ ಜೊತೆ ಬಂದೆ?" ಅಂತ ಕೇಳಿದ್ರೆ?

ಪರದೆ_ಹಿಂದಿನವ

ಭಾನುವಾರದ ಒಳಗೆ ಅವಳಿಗೂ ನಾಲ್ಕು ಉತ್ತರ ಬರೆದಿಟ್ಟುಕೋ ಅಂತ ಹೇಳ್ಬೇಕು. ಯಾಕೆ ಅಂತ ಕೇಳದ ಹಾಗೆ ಐದೂ ಜನಕ್ಕೆ ಒಂದೇ ಮೆಸೇಜ್ ಹಾಕ್ತೀನಿ.